ನಕ್ಷೆಯಲ್ಲಿ ಉಗ್ರಾಣ, ಒಳಗೆ ಗ್ರಂಥಾಲಯ

ಕಟ್ಟಡದ ಸುರಕ್ಷತೆ ಸಿಮೆಂಟು, ಕಬ್ಬಿಣದಿಂದಷ್ಟೇ ಬರುವುದಿಲ್ಲ. ಅದನ್ನು ಯಾವ ಕೆಲಸಕ್ಕೆಂದು ಕಟ್ಟಿದರು, ಈಗ ಯಾವ ಕೆಲಸಕ್ಕೆ ಬಳಸುತ್ತಿದ್ದಾರೆ ಎಂಬುದರ ಮೇಲೂ ಜೀವಗಳು ನಿಂತಿವೆ.

2024ರ ಜುಲೈ 27ರ ಸಂಜೆ ದೆಹಲಿಯ ಹಳೇ ರಾಜಿಂದರ್ ನಗರದಲ್ಲಿ ಮಳೆ ಸುರಿದು ರಸ್ತೆ ತುಂಬಿತು. ಆ ನೀರು ಐಎಎಸ್ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ನುಗ್ಗಿತು. ಅಲ್ಲಿದ್ದ ಗ್ರಂಥಾಲಯದಲ್ಲಿ ಓದುತ್ತ ಕುಳಿತಿದ್ದವರ ಪೈಕಿ ಮೂವರು ಹೊರಬರಲಾಗದೆ ಪ್ರಾಣ ಬಿಟ್ಟರು. ಪರೀಕ್ಷೆಗೆ ಓದಲೆಂದು ಊರು ಬಿಟ್ಟು ಬಂದಿದ್ದ ಎಳೆಯರು ಅವರು. ಆಮೇಲೆ ಕಡತ ತೆಗೆದು ನೋಡಿದಾಗ ಕಂಡಿದ್ದು ಇಷ್ಟು: ಆ ನೆಲಮಾಳಿಗೆಗೆ ಅನುಮತಿ ಇದ್ದದ್ದು ವಾಹನ ನಿಲ್ಲಿಸಲು ಮತ್ತು ಸಾಮಾನು ಇಡಲು ಮಾತ್ರ.

ಉಗ್ರಾಣಕ್ಕೆ ನೀರು ನುಗ್ಗಿದರೆ ಸಾಮಾನು ಹಾಳಾಗುತ್ತದೆ. ಅದೇ ಜಾಗದಲ್ಲಿ ಮೇಜು, ಕುರ್ಚಿ ಹಾಕಿ ಜನರನ್ನು ಕೂರಿಸಿದರೆ ಅದೇ ನೀರು ಜೀವ ತೆಗೆಯುತ್ತದೆ. ಗೋಡೆ ಬದಲಾಗಿರಲಿಲ್ಲ, ಸೂರು ಬದಲಾಗಿರಲಿಲ್ಲ. ಬದಲಾಗಿದ್ದು ಬಳಕೆ ಒಂದೇ.

ಇದಕ್ಕೂ ಮೊದಲು, 2011ರ ಡಿಸೆಂಬರ್ 9ರ ನಸುಕಿನಲ್ಲಿ, ಕೋಲ್ಕತ್ತದ ಢಾಕುರಿಯಾದಲ್ಲಿರುವ ಎಎಂಆರ್‌ಐ ಆಸ್ಪತ್ರೆಯಲ್ಲಿ ಇನ್ನೂ ಘೋರವಾದದ್ದು ನಡೆದಿತ್ತು. ಕಾರು ನಿಲ್ಲಿಸಬೇಕಿದ್ದ ನೆಲಮಾಳಿಗೆಯಲ್ಲಿ ಹೊತ್ತಿ ಉರಿಯುವ ಸಾಮಾನು ತುಂಬಿತ್ತು. ಅಲ್ಲಿ ಎದ್ದ ಬೆಂಕಿಯ ಹೊಗೆ ಕೊಳವೆಗಳ ಹಾದಿ ಹಿಡಿದು ಮೇಲಿನ ವಾರ್ಡುಗಳನ್ನು ತುಂಬಿತು. ಕಿಟಕಿಯ ಗಾಜು ತೆರೆಯುವಂತಿರಲಿಲ್ಲ. ಹಾಸಿಗೆಯಿಂದ ಏಳಲಾಗದ ರೋಗಿಗಳು ಮಲಗಿದ್ದಲ್ಲೇ ಉಸಿರುಗಟ್ಟಿದರು. ಸತ್ತವರು 90ರ ಆಸುಪಾಸು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ಹೊಗೆ.

ಒಂಬತ್ತು ಗುಂಪುಗಳು

ಕಟ್ಟಡಗಳನ್ನು ಬಳಕೆಯ ಆಧಾರದ ಮೇಲೆ ವಿಂಗಡಿಸುವ ಕ್ರಮ ನಮ್ಮಲ್ಲಿ ಹೊಸದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. 1983, 2005 ಮತ್ತು 2016ರಲ್ಲಿ ಅದು ಪರಿಷ್ಕರಣೆಗೊಂಡಿತು. ಭಾರತೀಯ ಮಾನಕ ಬ್ಯೂರೋ ಹೊರತಂದಿರುವ ಈ ಬೃಹತ್ ಸಂಹಿತೆಯ ನಾಲ್ಕನೆಯ ಭಾಗ ಬೆಂಕಿ ಮತ್ತು ಜೀವ ಸುರಕ್ಷತೆಗೆ ಮೀಸಲು. ಕಟ್ಟಡಗಳ ವಿಂಗಡಣೆ ಅಲ್ಲಿ ಸಿಗುತ್ತದೆ.

ಎ ಗುಂಪಿನಲ್ಲಿ ವಾಸದ ಕಟ್ಟಡಗಳಿವೆ. ಬಿ ಶಿಕ್ಷಣಕ್ಕೆ, ಸಿ ಆಸ್ಪತ್ರೆ, ಆಶ್ರಯಧಾಮ, ಸೆರೆಮನೆಗಳಂಥ ಸಂಸ್ಥೆಗಳಿಗೆ. ಡಿ ಎಂದರೆ ಜನ ಸೇರುವ ತಾಣಗಳು: ಚಿತ್ರಮಂದಿರ, ಕಲ್ಯಾಣ ಮಂಟಪ, ಸಭಾಂಗಣ ಇತ್ಯಾದಿ. ಇ ಕಚೇರಿಗಳದ್ದು, ಎಫ್ ಅಂಗಡಿ ಮಳಿಗೆಗಳದ್ದು, ಜಿ ಕಾರ್ಖಾನೆಗಳದ್ದು, ಎಚ್ ಗೋದಾಮುಗಳದ್ದು. ಐ ಅಕ್ಷರವನ್ನು ಬಿಟ್ಟು, ಕೊನೆಯ ಜೆ ಗುಂಪನ್ನು ಪಟಾಕಿ, ಅನಿಲ, ಸ್ಫೋಟಕಗಳಂಥ ಅಪಾಯಕಾರಿ ವಸ್ತುಗಳ ಕಟ್ಟಡಗಳಿಗೆ ಕೊಟ್ಟಿದ್ದಾರೆ. ಪ್ರತಿ ಗುಂಪಿನೊಳಗೆ ಉಪಗುಂಪುಗಳಿವೆ. ಒಂದು ಅಥವಾ ಎರಡು ಕುಟುಂಬಗಳ ಮನೆ ಎ-2, ವಸತಿ ಸಮುಚ್ಚಯ ಎ-4, ಮಾಲ್ ಮತ್ತು ಮಲ್ಟಿಪ್ಲೆಕ್ಸ್ ಒಟ್ಟಿಗಿರುವ ಕಟ್ಟಡ ಡಿ-6, ಮೆಟ್ರೋ ನಿಲ್ದಾಣ ಡಿ-7.

ಕಟ್ಟಡ ಯಾವ ಗುಂಪಿಗೆ ಸೇರಿತು ಎಂಬುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ. ಮೆಟ್ಟಿಲು ಎಷ್ಟು ಅಗಲವಿರಬೇಕು, ಬಾಗಿಲು ಎಷ್ಟು ಬೇಕು, ನೀರಿನ ತೊಟ್ಟಿ ಎಷ್ಟು ದೊಡ್ಡದಿರಬೇಕು, ಚಾವಣಿಯಲ್ಲಿ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಬೇಕೇ ಬೇಡವೇ ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಸ್ವಂತ ಮನೆಯ ಮೆಟ್ಟಿಲು ಕನಿಷ್ಠ 1 ಮೀಟರ್ ಅಗಲವಿದ್ದರೆ ಸಾಕು. ಶಾಲೆಗೆ ಕನಿಷ್ಠ 1.5 ಮೀಟರ್, ಆಸ್ಪತ್ರೆಗೆ 2 ಮೀಟರ್ ಬೇಕು.

ನೂರು ಚದರ ಮೀಟರಿನ ಲೆಕ್ಕ

ಈ ವಿಂಗಡಣೆಯ ತಿರುಳು ಒಂದು ಸಣ್ಣ ಲೆಕ್ಕದಲ್ಲಿ ಸಿಗುತ್ತದೆ. ನೂರು ಚದರ ಮೀಟರಿನ, ಅಂದರೆ ಸುಮಾರು 1,076 ಚದರ ಅಡಿಯ ಒಂದು ಮಹಡಿ ಇದೆ ಎಂದುಕೊಳ್ಳಿ. ಅಲ್ಲಿ ಎಷ್ಟು ಜನ ಇರಬಹುದು ಎಂದು ಕೇಳಿದರೆ ಸಂಹಿತೆ ಒಂದೇ ಉತ್ತರ ಕೊಡುವುದಿಲ್ಲ.

ಅದು ಮನೆಯಾದರೆ ತಲೆಗೆ 12.5 ಚದರ ಮೀಟರ್ ಹಿಡಿಯುತ್ತದೆ, ಹಾಗಾಗಿ ಎಂಟು ಜನ. ಕಚೇರಿಯಾದರೆ ತಲೆಗೆ 10, ಹಾಗಾಗಿ ಹತ್ತು ಜನ. ಒಳರೋಗಿಗಳ ವಾರ್ಡಾದರೆ ತಲೆಗೆ 15, ಆರೇ ಜನ. ತರಗತಿಗೆ ತಲೆಗೆ 4, ಇಪ್ಪತ್ತೈದು ಮಕ್ಕಳು. ರಸ್ತೆ ಮಟ್ಟದ ಅಂಗಡಿಗೆ ತಲೆಗೆ 3, ಮೂವತ್ತಮೂರು ಗಿರಾಕಿಗಳು. ಊಟದ ಹಾಲ್‌ ಆದರೆ ತಲೆಗೆ ಒಂದೂವರೆ ಚದರ ಮೀಟರ್, ಅರವತ್ತಾರು ಜನ. ಕುರ್ಚಿ ಹಾಕಿದ ಸಭಾಂಗಣವಾದರೆ ತಲೆಗೆ 0.6, ಜನ 166. ಗೋದಾಮಾದರೆ ತಲೆಗೆ 30, ಬರೀ ಮೂವರು.

ಮೂವರಿಗೆಂದು ಲೆಕ್ಕ ಹಾಕಿದ ಜಾಗಕ್ಕೆ ಒಂದು ಬಾಗಿಲು ಸಾಕಾಗಬಹುದು. ಅದೇ ಜಾಗದಲ್ಲಿ ತರಗತಿ ಶುರುವಾದರೆ ಎಂಟು ಪಟ್ಟು ಜನ ಬಂದು ಕೂರುತ್ತಾರೆ, ಸಭೆ ಸೇರಿಸಿದರೆ ಐವತ್ತು ಪಟ್ಟಿಗೂ ಹೆಚ್ಚು. ಬಾಗಿಲು ಮಾತ್ರ ಅದೇ ಒಂದು. ಬಳಕೆ ಬದಲಿಸಿದಾಗ ಮಾಲೀಕರು ಬಣ್ಣ ಬಳಿಸುತ್ತಾರೆ, ಎಸಿ ಹಾಕಿಸುತ್ತಾರೆ, ಹೊರಗೆ ಬೋರ್ಡು ತೂಗುಹಾಕುತ್ತಾರೆ. ಎರಡನೆಯ ಮೆಟ್ಟಿಲು ಕಟ್ಟಿಸುವವರು ಅಪರೂಪ.

ತಲೆ ಎಣಿಕೆ ಒಂದು ಅಂಶ ಮಾತ್ರ. ಅಲ್ಲಿ ಜನ ಮಲಗುತ್ತಾರೆಯೇ, ಎಚ್ಚರವಾಗಿರುತ್ತಾರೆಯೇ? ತಾವಾಗಿ ನಡೆದು ಹೊರಬರಬಲ್ಲರೇ, ಯಾರಾದರೂ ಎತ್ತಿ ತರಬೇಕೇ? ಕಟ್ಟಡದ ಪರಿಚಯ ಇರುವವರೇ, ಮೊದಲ ಸಲ ಬಂದವರೇ? ಒಳಗೆ ಹೊತ್ತಿಕೊಳ್ಳುವಂಥದ್ದು ಏನಿದೆ? ಮನೆಯಲ್ಲಿರುವವರು ನಿದ್ದೆಗಣ್ಣಲ್ಲೂ ಬಾಗಿಲು ಹುಡುಕಿಕೊಳ್ಳುತ್ತಾರೆ. ಲಾಡ್ಜಿಗೆ ರಾತ್ರಿ ಬಂದಿಳಿದವರಿಗೆ ಅದು ಸಾಧ್ಯವಿಲ್ಲ. ಚಿತ್ರಮಂದಿರದಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ, ಆದರೆ ಕತ್ತಲಲ್ಲಿ ಕುಳಿತಿರುತ್ತಾರೆ ಮತ್ತು ಬಂದ ಬಾಗಿಲಿನತ್ತಲೇ ಓಡುತ್ತಾರೆ. ಆಸ್ಪತ್ರೆಯಲ್ಲಿ ರೋಗಿಯನ್ನು ಮೆಟ್ಟಿಲಿಳಿಸುವುದಕ್ಕಿಂತ ಅದೇ ಮಹಡಿಯಲ್ಲಿ, ಬೆಂಕಿ ತಡೆಯುವ ಗೋಡೆಯ ಆಚೆಗೆ ಹಾಸಿಗೆಸಮೇತ ತಳ್ಳಿಕೊಂಡು ಹೋಗುವ ದಾರಿ ಇರಬೇಕು. ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ನಿಯಮ ಇರುವುದು ಇದಕ್ಕಾಗಿ.

ಸಾವುಗಳು ಬರೆಸಿದ ನಿಯಮ

ಈ ನಿಯಮಗಳ ಹಿಂದೆ ದೊಡ್ಡ ದುರಂತಗಳಿವೆ. 1942ರ ನವೆಂಬರ್ 28ರ ರಾತ್ರಿ ಅಮೆರಿಕದ ಬಾಸ್ಟನ್ ನಗರದ ಕೋಕನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. ಒಳಗೆ ಮಿತಿಯ ದುಪ್ಪಟ್ಟು ಜನರಿದ್ದರು. ಮುಂದಿನ ತಿರುಗುವ ಬಾಗಿಲಿಗೆ ಎರಡೂ ಕಡೆಯಿಂದ ಜನ ಒತ್ತಿ ಅದು ಅಲ್ಲಾಡದೆ ನಿಂತಿತು, ಬೇರೆ ಕೆಲವು ಬಾಗಿಲುಗಳಿಗೆ ಬೀಗ ಬಿದ್ದಿತ್ತು. 492 ಮಂದಿ ಸತ್ತರು. ಹೋಟೆಲು, ನೈಟ್‌ಕ್ಲಬ್ಬುಗಳನ್ನು ಜನ ಸೇರುವ ತಾಣಗಳೆಂದು ಪರಿಗಣಿಸಿ ರಂಗಮಂದಿರಗಳಂತೆಯೇ ಬಿಗಿ ನಿಯಮಕ್ಕೆ ಒಳಪಡಿಸಿದ್ದು ಆಮೇಲೆ.

ನಮ್ಮಲ್ಲಿ ಆ ಪಾಠ ಕಲಿಸಿದ್ದು ತಮಿಳುನಾಡಿನ ಕುಂಭಕೋಣಂ. 2004ರ ಜುಲೈ 16ರಂದು ಅಲ್ಲಿನ ಶಾಲೆಯ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ತಗುಲಿ 94 ಮಕ್ಕಳು ಬೆಂದುಹೋದರು. ಆ ಪ್ರಕರಣದ ಬೆನ್ನಿಗೆ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ತೀರ್ಪು ಕೊಟ್ಟಿತು. ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷಾ ನಿಯಮ ಪಾಲಿಸಲೇಬೇಕು ಎಂದಿತು. ಆದರೆ ಶಾಲೆಯ ಹೆಸರಿಲ್ಲದೆ ಶಾಲೆಯ ಕೆಲಸ ಮಾಡುವ ಜಾಗಗಳು ಎಷ್ಟೋ ಇವೆ. 2019ರ ಮೇ 24ರಂದು ಸೂರತ್ತಿನ ವಾಣಿಜ್ಯ ಸಂಕೀರ್ಣವೊಂದರ ತುದಿಯಲ್ಲಿ ನಡೆಯುತ್ತಿದ್ದ ಕೋಚಿಂಗ್ ತರಗತಿಯನ್ನು ಬೆಂಕಿ ಆವರಿಸಿದಾಗ ಮಕ್ಕಳು ಮೇಲಿನಿಂದ ಹಾರಿದರು. 22 ಮಂದಿ ಉಳಿಯಲಿಲ್ಲ. ಕೆಳಗೆ ಅಂಗಡಿ, ಮೇಲೆ ತರಗತಿ. ಅಂಗಡಿಗೆಂದು ಕಟ್ಟಿದ ಕಟ್ಟಡದ ಮೇಲೆ ಶಾಲೆಯ ಭಾರ ಹೇರಲಾಗಿತ್ತು.

ನಮ್ಮ ಬೀದಿಯ ಸಂಗತಿ

ಬೆಂಗಳೂರಿನ ಯಾವುದೇ ಬಡಾವಣೆಯ ಒಂದು ಥರ್ಟಿ ಫಾರ್ಟಿ ಸೈಟು ನೋಡಿ. ಮನೆಗೆಂದು ನಕ್ಷೆ ಮಂಜೂರಾಗಿರುತ್ತದೆ. ಕಟ್ಟಡ ಮೇಲೇರಿದ ಮೇಲೆ ಪಿಜಿ ಬೋರ್ಡು ಬೀಳುತ್ತದೆ. ಮಹಡಿಗೆ 80 ಚದರ ಮೀಟರ್ ಎಂದರೂ ಸಂಹಿತೆಯ ಲೆಕ್ಕದಲ್ಲಿ ಆರು ಜನ. ಆರು ಕೋಣೆ ಮಾಡಿ ಕೋಣೆಗೆ ಮೂರು ಮಂಚ ಹಾಕಿದರೆ ಹದಿನೆಂಟು. ನಾಲ್ಕು ಮಹಡಿಗೆ 72. ಇವರೆಲ್ಲರಿಗೂ ಒಂದೇ ಮೆಟ್ಟಿಲು. ಆ ಮೆಟ್ಟಿಲ ಬುಡದಲ್ಲಿ ಮೀಟರ್ ಬೋರ್ಡು, ಅದರ ಪಕ್ಕ ಸಾಲಾಗಿ ಸ್ಕೂಟರುಗಳು, ಒಳಗೆ ಅಡುಗೆಯ ಸಿಲಿಂಡರುಗಳು. ಕಿಟಕಿಗಳಿಗೆ ಕಬ್ಬಿಣದ ಗ್ರಿಲ್, ತಾರಸಿಯ ಬಾಗಿಲಿಗೆ ಬೀಗ, ರಾತ್ರಿ ಹತ್ತಕ್ಕೆ ಗೇಟಿಗೂ ಬೀಗ. ಮೀಟರ್ ಬೋರ್ಡಿನಲ್ಲಿ ಕಿಡಿ ಹಾರಿದರೆ ಹೊಗೆ ಏರುವುದೂ ಆ ಮೆಟ್ಟಿಲ ದಾರಿಯಲ್ಲಿ, ಜನ ಇಳಿಯಬೇಕಾದದ್ದೂ ಅದೇ ದಾರಿಯಲ್ಲಿ.

ಸಂಹಿತೆ ಎ-2 ಎಂದು ಕರೆಯುವುದು ಒಂದು ಅಥವಾ ಎರಡು ಕುಟುಂಬದವರ ಮನೆಯನ್ನು. ಪರಸ್ಪರ ಸಂಬಂಧವಿಲ್ಲದ ಎಪ್ಪತ್ತು ಜನ ಮಲಗುವ ಜಾಗ ವಸತಿನಿಲಯದ ಸಾಲಿಗೆ ಸೇರುತ್ತದೆ. ಹೊರಗಿನ ಚಹರೆ ಮನೆಯದೇ ಇರಲಿ, ನಿಯಮ ನೋಡಬೇಕಾದದ್ದು ಒಳಗಿನ ಬದುಕನ್ನು.

2018ರ ಜನವರಿ 8ರ ನಸುಕಿನಲ್ಲಿ ಕಲಾಸಿಪಾಳ್ಯದ ಬಾರ್ ಒಂದಕ್ಕೆ ಬೆಂಕಿ ಬಿದ್ದಾಗ ಒಳಗೆ ಮಲಗಿದ್ದ ಐವರು ನೌಕರರು ಸತ್ತರು. ಹಗಲು ಗಿರಾಕಿಗಳಿಗೆ, ರಾತ್ರಿ ಕೆಲಸದವರ ನಿದ್ದೆಗೆ ಎಂದು ಒಂದೇ ಜಾಗ ಎರಡು ಗುಂಪಿಗೆ ಸೇರಿತ್ತು. ಎರಡನೆಯದು ಯಾವ ಕಾಗದದಲ್ಲೂ ಕಾಣುವಂಥದ್ದಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆ ಹಾಗೂ ಗೋದಾಮು ಹೊತ್ತಿ ಉರಿದು 14ಕ್ಕೂ ಹೆಚ್ಚು ಜನ ಬಲಿಯಾದರು. ಪಟಾಕಿ ತುಂಬಿದ ಜಾಗವನ್ನು ಅಂಗಡಿ ಎಂದು ಕರೆದ ಮಾತ್ರಕ್ಕೆ ಅದು ಬಟ್ಟೆ ಅಂಗಡಿಯಂತಾಗುವುದಿಲ್ಲ. ನಗರತ್‌ಪೇಟೆ, ಚಿಕ್ಕಪೇಟೆಯಂಥ ಹಳೆಯ ಪೇಟೆಗಳಲ್ಲಿ ಕೆಳಗೆ ಪ್ಲಾಸ್ಟಿಕ್ ಗೋದಾಮು, ನಡುವೆ ತಯಾರಿಕೆ, ಮೇಲೆ ಸಂಸಾರ ಎಂಬುದು ಮಾಮೂಲಿ. ಎರಡು ಮೂರು ಬಳಕೆ ಒಂದೇ ಸೂರಿನಡಿ ಇದ್ದಾಗ ಅವುಗಳಲ್ಲಿ ಯಾವುದರ ನಿಯಮ ಬಿಗಿಯೋ ಅದನ್ನೇ ಪಾಲಿಸಬೇಕು, ಇಲ್ಲವೇ ಬೆಂಕಿ ದಾಟದಂಥ ಗೋಡೆ, ಬಾಗಿಲುಗಳಿಂದ ಬೇರ್ಪಡಿಸಬೇಕು. ಪೇಟೆಯ ಹಳೆಯ ಕಟ್ಟಡಗಳಲ್ಲಿ ಅಂಥ ಗೋಡೆ ಹುಡುಕಿದರೂ ಸಿಗುವುದು ಕಷ್ಟ.

ಕಾನೂನಿನ ಸಡಿಲು ಗಂಟು

ಸಂಹಿತೆ ತಾನೇ ಕಾನೂನಲ್ಲ, ಅದು ಶಿಫಾರಸು. ರಾಜ್ಯಗಳು, ಪಾಲಿಕೆಗಳು ತಮ್ಮ ಬೈಲಾಗಳಲ್ಲಿ ಸೇರಿಸಿಕೊಂಡಾಗ ಅದಕ್ಕೆ ಹಲ್ಲು ಬರುತ್ತದೆ. ಎತ್ತರದ ಕಟ್ಟಡಗಳಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಕಟ್ಟಿ ಮುಗಿದ ಮೇಲೆ ನಕ್ಷೆಯಂತೆ ಕಟ್ಟಿದ್ದಾರೆಯೇ ಎಂದು ನೋಡಿ ಸ್ಥಳೀಯ ಸಂಸ್ಥೆ ಸ್ವಾಧೀನಾನುಭವ ಪತ್ರ (ಓಸಿ) ಕೊಡಬೇಕು. ಓಸಿ ಅಥವಾ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಪರವಾನಗಿ ಕೊಡಬಾರದೆಂದೂ ಅದು ಸೂಚಿಸಿದೆ.

ಆದರೂ ಒಂದು ಗಂಟು ಸಡಿಲವಾಗಿಯೇ ಉಳಿದಿದೆ. ತಪಾಸಣೆ ನಡೆಯುವುದು ಕಟ್ಟಡ ಹುಟ್ಟುವಾಗ. ಬಳಕೆ ಬದಲಾಗುವುದು ಐದು, ಹತ್ತು ವರ್ಷಗಳ ನಂತರ. ಬಳಕೆ ಬದಲಿಸುವವರು ಮತ್ತೆ ಅನುಮತಿ ಪಡೆಯಬೇಕೆಂಬ ನಿಯಮ ಇದ್ದರೂ, ಕೇಳುವವರು ಯಾರೂ ಬರುವುದಿಲ್ಲ. ಸಣ್ಣ ಕಟ್ಟಡಗಳಂತೂ ಎತ್ತರದ ಮಿತಿಯ ಕೆಳಗೆ ನುಸುಳಿಕೊಂಡು ಅಗ್ನಿಶಾಮಕ ಇಲಾಖೆಯ ಕಣ್ಣಿಗೇ ಬೀಳುವುದಿಲ್ಲ. ಪಿಜಿ, ಕೋಚಿಂಗ್, ನರ್ಸಿಂಗ್ ಹೋಂ, ತಾರಸಿ ಹೋಟೆಲುಗಳು ಹೆಚ್ಚಾಗಿ ಇರುವುದು ಅಂಥ ಕಟ್ಟಡಗಳಲ್ಲೇ.

ಇಷ್ಟೆಲ್ಲ ಬಿಗಿ ಮಾಡಿದರೆ ಮನೆಯಲ್ಲಿ ಪಾಠ ಹೇಳಿಕೊಂಡು ಬದುಕುವ ಮೇಷ್ಟ್ರು, ಪುಟ್ಟ ಅಂಗಡಿಯವರು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ, ಮತ್ತು ಸಂಹಿತೆಯೇ ಅದಕ್ಕೆ ಜಾಗ ಬಿಟ್ಟಿದೆ. ಶಿಕ್ಷಣ ಗುಂಪು ಶುರುವಾಗುವುದು 20 ವಿದ್ಯಾರ್ಥಿಗಳಿಂದ, ಜನ ಸೇರುವ ತಾಣದ ಗುಂಪು 50 ಜನರಿಂದ. 500 ಚದರ ಮೀಟರಿನವರೆಗಿನ ಅಂಗಡಿಗೆ ಒಂದು ಉಪಗುಂಪು, ಅದಕ್ಕಿಂತ ದೊಡ್ಡದಕ್ಕೆ ಇನ್ನೊಂದು. ಹತ್ತು ಮಕ್ಕಳ ಮನೆಪಾಠಕ್ಕೆ ಇದರಿಂದ ತೊಂದರೆಯಿಲ್ಲ. ನಿಯಮ ಹಿಡಿಯಬೇಕೆನ್ನುವುದು ಇನ್ನೂರು ಮಕ್ಕಳನ್ನು ನೆಲಮಾಳಿಗೆಯಲ್ಲಿ ಕೂರಿಸಿ ಶುಲ್ಕ ವಸೂಲು ಮಾಡುವವರನ್ನು.

ಆಗಬೇಕಾದ ಕೆಲಸ ಕಷ್ಟದ್ದೇನಲ್ಲ. ವ್ಯಾಪಾರ ಪರವಾನಗಿ ಕೊಡುವ ಸಿಬ್ಬಂದಿ ಅರ್ಜಿಯ ಜೊತೆಗೆ ಮಂಜೂರಾದ ನಕ್ಷೆಯನ್ನೂ ತರಿಸಿ, ಎರಡರಲ್ಲೂ ಬಳಕೆ ಒಂದೇ ಇದೆಯೇ ಎಂದು ತಾಳೆ ನೋಡಲಿ. ಪರವಾನಗಿ ನವೀಕರಣದ ಹೊತ್ತಿಗೆ ಒಬ್ಬರು ಸ್ಥಳಕ್ಕೆ ಹೋಗಿ ಬಾಗಿಲು, ಮೆಟ್ಟಿಲು ನೋಡಿಬರಲಿ. ಕಟ್ಟಡ ಯಾವ ಬಳಕೆಗೆ, ಗರಿಷ್ಠ ಎಷ್ಟು ಜನರಿಗೆ ಎಂಬುದನ್ನು ಪ್ರವೇಶದ್ವಾರದಲ್ಲಿ ಕನ್ನಡದ ದೊಡ್ಡ ಅಕ್ಷರಗಳಲ್ಲಿ ಬರೆಸುವುದು ಕಡ್ಡಾಯವಾಗಲಿ.

ಅಲ್ಲಿಯವರೆಗೆ ನಮ್ಮ ಎಚ್ಚರವೇ ನಮಗೆ ಕಾವಲು. ಮಗನನ್ನು ಪಿಜಿಗೆ ಸೇರಿಸುವಾಗ, ಮಗಳನ್ನು ಕೋಚಿಂಗಿಗೆ ಕಳಿಸುವಾಗ ಊಟ, ವೈಫೈ, ಶುಲ್ಕದ ಜೊತೆಗೆ ಇನ್ನೂ ಮೂರು ಸಂಗತಿ ವಿಚಾರಿಸಿ. ಈ ಕಟ್ಟಡಕ್ಕೆ ಅನುಮತಿ ಇರುವುದು ಯಾವ ಬಳಕೆಗೆ? ಎರಡನೆಯ ಮೆಟ್ಟಿಲು ಎಲ್ಲಿದೆ? ರಾತ್ರಿ ಬೀಗದ ಕೈ ಯಾರ ಬಳಿ ಇರುತ್ತದೆ? ಮಂಜೂರಾದ ನಕ್ಷೆ ಮತ್ತು ಓಸಿ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಅವನ್ನು ತೋರಿಸಲು ಒಪ್ಪದವರಿಗೆ ಮುಂಗಡ ಕೊಡಬೇಡಿ.