ಬೀಗಕ್ಕೆ ಕೊಬ್ಬರಿ ಎಣ್ಣೆ ಬೇಡ

ಮಳೆಗಾಲ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಬಾಗಿಲಿನದೇ ಒಂದು ರಗಳೆ. ಬಟ್ಟೆ ತೆಗೆಯಲು ಅಂಗಳಕ್ಕಿಳಿದಿರಿ, ಗಾಳಿಗೆ ಬಾಗಿಲು ಹಾಕಿಕೊಂಡಿತು. ಸೊಂಟದಲ್ಲಿ ಬೀಗದಕೈ ಇದೆ, ತಿರುಗೋದೇ ಇಲ್ಲ! ಒಳಗೆ ಒಲೆ ಮೇಲೆ ಹಾಲು, ತೊಟ್ಟಿಲಲ್ಲಿ ಕೂಸು. ಕೈ ನಡುಗದೆ ಇರುತ್ತದೆಯೇ? ಆದರೂ ಬಲ ಹಾಕಬೇಡಿ. ಹಿತ್ತಾಳೆಯದು ಮೆದು, ಒಳಗೇ ಮುರಿದರೆ ಇನ್ನೂ ಕಷ್ಟ. ತೇವ ಕುಡಿದ ಮರ ಉಬ್ಬಿ, ಬೀಗದ ನಾಲಿಗೆ ಚೌಕಟ್ಟಿಗೆ ಒತ್ತಿಕೊಂಡಿರುತ್ತದೆ. ಬಾಗಿಲನ್ನು ನಿಮ್ಮ ಕಡೆ ಎಳೆದು ಹಿಡಿದೋ, ತುಸು ಮೇಲಕ್ಕೆತ್ತಿಯೋ ನಿಧಾನವಾಗಿ ತಿರುಗಿಸಿ.

ಬಾಗಿಲು ತೆರೆದ ಮೇಲೆ ಪರೀಕ್ಷೆ ಮಾಡಿ. ಈಗ ಬೀಗ ಸಲೀಸಾಗಿ ತಿರುಗಿದರೆ ದೋಷ ಮರದ್ದು. ನಾಲಿಗೆಗೆ ಮೇಣದಬತ್ತಿ ಉಜ್ಜಿ. ಈಗಲೂ ಬಿಗಿಯಾಗಿದ್ದರೆ ಒಳಗೆ ಧೂಳು ಕೂತಿರಬಹುದು. ನಾವು ಹೆಂಗಸರು ಕೂಡಲೇ ಹಾಕೋದು ಕೊಬ್ಬರಿ ಎಣ್ಣೆ. ಅದು ಚಳಿಗೆ ಗಟ್ಟಿಯಾಗಿ, ಧೂಳು ಹಿಡಿದು ಅಂಟಾಗುತ್ತದೆ. ಮಕ್ಕಳ ಪೆನ್ಸಿಲಿನ ಸೀಸ ನುಣ್ಣಗೆ ಕೆರೆದು, ಬೀಗದಕೈಗೆ ಸವರಿ ನಾಲ್ಕಾರು ಸಲ ಆಡಿಸಿ.

ಇನ್ನು ಬಚ್ಚಲುಮನೆಯ ಒಳಚಿಲಕ. ಪುಟ್ಟ ಮಕ್ಕಳ ಕೈಗೆ ಎಟುಕುವಂತಿದ್ದರೆ ಇವತ್ತೇ ತೆಗೆದು ಎತ್ತರದಲ್ಲಿ ಹಾಕಿಸಿ. ಯಜಮಾನರು ‘ನಾಳೆ ನೋಡೋಣ’ ಅಂದರೆ ಸ್ಕ್ರೂ ಡ್ರೈವರ್ ನೀವೇ ಹಿಡಿಯಿರಿ. ನಾಲ್ಕು ಸ್ಕ್ರೂ ಬಿಚ್ಚುವ ಕೆಲಸ, ಅಷ್ಟೆ.