ಬೆಂಗೇರಿಯಿಂದ ಗುಲ್ಮಾರ್ಗ್‌ಗೆ ಒಬ್ಬರೇ

"ಬಿಸಲಾಗ ಬೆಳದೋರಿಗೆ ಬರ್ಫಿನ ಉಸಾಬರಿ ಯಾಕ?" ಸ್ಕೀ ಕಲಿಯಲು ಹೊರಟವರಿಗೆ ಹುಬ್ಬಳ್ಳಿಯ ಬೆಂಗೇರಿಯ ಚಹಾದಂಗಡಿಯಲ್ಲಿ ಸಿಗುವ ಮೊದಲ ಆಶೀರ್ವಾದ ಇದೇ. 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸೇನೆಯ ಬೆನ್ನಿಗೇ ಎರಡನೇ ಸ್ಥಾನಕ್ಕೆ ನಿಂತದ್ದು ಕರ್ನಾಟಕ, ಒಂಬತ್ತು ಚಿನ್ನದೊಂದಿಗೆ. ಕೆಲವು ಲೇಹ್‌ನ ಐಸ್ ಸ್ಕೇಟಿಂಗಿನವು, ನಿಜ. ಆದರೆ ಗುಲ್ಮಾರ್ಗ್‌ನ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಗೆದ್ದ ಭವಾನಿ ತೆಕ್ಕಡ ಕೊಡಗಿನವರು. ಅಲ್ಲೆಲ್ಲಿ ಹಿಮ ಬೀಳುತ್ತದೆ?

"ಡಿಸೆಂಬರ್ ಸೂಟ್ಯಾಗ ಹೋಗಿಬಂದ್ರಾತು." ಆಗ ಹಿಮ ಕೈಕೊಡಬಹುದು. ಕಾಶ್ಮೀರದ ಕಡುಚಳಿಯ ನಲವತ್ತು ದಿನ, ಚಿಲ್ಲೈ ಕಲಾನ್, ಶುರುವಾಗುವುದೇ ಡಿಸೆಂಬರ್ 21ಕ್ಕೆ. ಜನವರಿ ಕೊನೆ, ಫೆಬ್ರವರಿ ವಾಸಿ, ಅದೂ ಖಾತ್ರಿಯಲ್ಲ. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಪಂದ್ಯಗಳೇ ಮಾರ್ಚ್‌ಗೆ ಹೋದವು. ಹಾಗಾಗಿ ದಿನಾಂಕ ಬದಲಿಸಲು ಬರುವಂಥ ಟಿಕೆಟ್ಟನ್ನೇ ತೆಗೆಸಿ.

"ಬೆಚ್ಚಗಿರಾಕ ದಪ್ಪನ್ನ ಹತ್ತಿ ಬನೀನ್ ಸಾಕು." ರಾಷ್ಟ್ರಧ್ವಜ ಹೊಲಿಯುವ ಖಾದಿಯ ಊರಿನಲ್ಲಿ ನಿಂತು ಹತ್ತಿಯನ್ನು ಬೈಯುವುದು ಕಷ್ಟ, ಆದರೂ ಹೇಳಲೇಬೇಕು. ಸ್ಕೀ ಕಲಿಯುವವರು ಬಿದ್ದು ಏಳುವುದರಲ್ಲೇ ಬೆವರುತ್ತಾರೆ. ಹತ್ತಿ ಆ ಬೆವರನ್ನು ಕುಡಿದು ಒದ್ದೆಯಾಗಿ ಮೈಗೆ ಅಂಟುತ್ತದೆ. ಲಿಫ್ಟಿಗಾಗಿ ಸರತಿಯಲ್ಲಿ ನಿಂತ ಹತ್ತು ನಿಮಿಷದಲ್ಲಿ ಬೆನ್ನು ಕೊರೆಯತೊಡಗುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ನೀರು ಇಳಿಯದ ಜಾಕೆಟ್ಟು. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬಿಸಿ ಹಿಡಿದಿರುತ್ತದೆ, ಕಂಬಳಿ ಹೊದ್ದ ಕುರಿಗಾಹಿಗಳನ್ನು ಕೇಳಿ. ತಂಪು ಕನ್ನಡಕವೂ ಷೋಕಿಯಲ್ಲ. ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ ಶೇ 80ರವರೆಗೆ ಕಣ್ಣಿಗೇ ತಿರುಗಿ ಎಸೆಯುತ್ತದೆ. ಬೂಟು, ಸ್ಕೀ, ಕೋಲು ಕೊಳ್ಳಬೇಡಿ, ಅಲ್ಲೇ ಬಾಡಿಗೆಗೆ ಸಿಗುತ್ತವೆ.

"ಒಬ್ರ ಹೋದ್ರ ಒಬ್ರ ಆಡಬೇಕು." ಇಲ್ಲೇ ಎಡವುವುದು. ರೈಲು ಒಬ್ಬರೇ ಹತ್ತಿ, ಇಳಿಜಾರಿಗೆ ಒಬ್ಬರೇ ಇಳಿಯಬೇಡಿ. ಗುಲ್ಮಾರ್ಗ್‌ನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಗಳ ಕೋರ್ಸ್ ಸೇರಿದರೆ ಗುರುವೂ ಜೊತೆಗಾರರೂ ಒಟ್ಟಿಗೇ ಸಿಗುತ್ತಾರೆ. ಗುಲ್ಮಾರ್ಗ್‌ನ ಕೇಬಲ್ ಕಾರು ಗೊಂಡೊಲಾದ ಎರಡನೇ ಹಂತ 3,900 ಮೀಟರ್‌ಗೂ ಮೇಲೆ ಒಯ್ದು ಬಿಡುತ್ತದೆ, ಅದು ಹೊಸಬರ ಜಾಗವಲ್ಲ. ಅಲ್ಲಿನ ಅಫರ್ವತ್ ಇಳಿಜಾರಿನಲ್ಲಿ 2023ರ ಫೆಬ್ರವರಿ 1ರಂದು ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಬಲಿಯಾದರು. ಮಾರನೇ ವರ್ಷದ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು.

"ವಿಮಾ ಐತಿ, ಫೋನ್ ಐತಿ." ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸಾಹಸಕ್ರೀಡೆಯನ್ನು ಹೆಚ್ಚಾಗಿ ಹೊರಗಿಟ್ಟಿರುತ್ತಾರೆ, ಸಣ್ಣಕ್ಷರ ಓದಿ. ಇನ್ನು ಫೋನು: ಹುಬ್ಬಳ್ಳಿಯಲ್ಲಿ ಕೊಂಡ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಹೊರಡುವ ಮುಂಚೆ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ.