ರಾಜಭವನದ ಸಹಿ: ಬಿ. ಡಿ. ಜತ್ತಿಯವರ ರಾಜ್ಯಪಾಲ ಪದವಿಯನ್ನು ಕುರಿತು

ಕಳೆದ ಸುಗ್ಗಿಯಲ್ಲಿ ಊರಿಗೆ ಹೋದಾಗ ನಮ್ಮ ತಂದೆಯವರು ನನಗೊಂದು ಪ್ರಶ್ನೆ ಹಾಕಿದರು: "ತಮ್ಮಾ, ಈ ರಾಜ್ಯಪಾಲರನ್ನ ಯಾರು ಆರಿಸಿ ತರತಾರ? ನಾವಂತೂ ಓಟು ಹಾಕಿಲ್ಲ." ನಮ್ಮದು ಬೆಲ್ಲದ ಬಾಗೇವಾಡಿ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೂರು ವರುಷ ರಾಜ್ಯಶಾಸ್ತ್ರ ಓದಿದ ಮಗನು ಇಷ್ಟಕ್ಕೆ ತಡವರಿಸಬಾರದೆಂದು, ಸಂವಿಧಾನದ 155ನೆಯ ವಿಧಿಯಂತೆ ರಾಷ್ಟ್ರಪತಿಗಳು ನೇಮಿಸುತ್ತಾರೆ, ಅವರ ಮರ್ಜಿ ಇರುವತನಕ ಅಧಿಕಾರ, ವಾಡಿಕೆಯ ಅವಧಿ ಐದು ವರುಷ ಎಂದು ಒಪ್ಪಿಸಿದೆ. "ಹಂಗಾದ್ರ ಅವರು ಯಾರ ಮಂದಿ?" ಎಂದರು. ಅದಕ್ಕೆ ಪುಸ್ತಕದ ಉತ್ತರ ಸಾಲದು. ಆದುದರಿಂದ ನಮ್ಮ ಸೀಮೆಯವರೇ ಆದ ಒಬ್ಬ ರಾಜ್ಯಪಾಲರ ಚರಿತ್ರೆಯನ್ನು ಹಿಡಿದು ಈ ವಿಷಯವನ್ನು ವಿವೇಚಿಸಲು ಹೊರಟಿದ್ದೇನೆ.

ಬಸಪ್ಪ ದಾನಪ್ಪ ಜತ್ತಿಯವರು ಜನಿಸಿದ್ದು 1912ರ ಸೆಪ್ಟೆಂಬರ 10ರಂದು, ಇಂದಿನ ಬಾಗಲಕೋಟೆ ಜಿಲ್ಲೆಯ ಸಾವಳಗಿಯಲ್ಲಿ. ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿ ಹೂಡಿದರು. ಮೊದಲು ಪುರಸಭೆ, ಬಳಿಕ ಜಮಖಂಡಿ ಸಂಸ್ಥಾನದ ಮಂತ್ರಿ, ಕೊನೆಗೆ ಆ ಪುಟ್ಟ ಸಂಸ್ಥಾನದ ಮುಖ್ಯಮಂತ್ರಿ. 1948ರ ಮಾರ್ಚಿಯಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ತಾವು ಕುಳಿತ ಗಾದಿಯೇ ಇಲ್ಲದಂತಾದ ಮೇಲೆ ಜತ್ತಿಯವರು ಮರಳಿ ವಕೀಲಿಗೆ ಹೋದರು. ಮುಂದೆ ಮುಂಬಯಿಯಲ್ಲಿ ಮೊರಾರ್ಜಿ ದೇಸಾಯಿಯವರ ಕೈಕೆಳಗೆ ಉಪಮಂತ್ರಿಗಳಾದರು. ಮೊರಾರ್ಜಿಯವರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಏಕೀಕರಣದ ತರುವಾಯ ಅವರು ಭೂಸುಧಾರಣಾ ಸಮಿತಿಯ ಅಧ್ಯಕ್ಷರಾದರು. 1958ರ ಮೇ ತಿಂಗಳಿಂದ 1962ರ ಮಾರ್ಚಿಯವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. 1961ರ ಭೂಸುಧಾರಣಾ ಕಾಯ್ದೆ ಆ ಕಾಲದ್ದು. ಅದು ಜಾರಿಗೆ ಬಂದದ್ದು 1965ರಲ್ಲಿ. ಹಲ್ಲು ಬಂದದ್ದು ದೇವರಾಜ ಅರಸರ 1974ರ ತಿದ್ದುಪಡಿಯಿಂದ. ನಮ್ಮ ಅಜ್ಜ ಲಾವಣಿಗೆ ಮಾಡುತ್ತಿದ್ದ ಮೂರು ಎಕರೆ ಮನೆತನದ ಹೆಸರಿಗೆ ಬಂದದ್ದೂ ಆ ತಿದ್ದುಪಡಿಯ ಮೇಲೆಯೇ. ನನ್ನ ಕಾಲೇಜು ಫೀ ಆ ಹೊಲದ ಕಬ್ಬಿನಿಂದ ಸಲ್ಲುತ್ತದೆ. ಆದ್ದರಿಂದ ಜತ್ತಿಯವರ ವಿಷಯದಲ್ಲಿ ನಾನು ಪೂರ್ಣ ನಿಷ್ಪಕ್ಷಪಾತಿಯೆಂದು ಹೇಳಲಾರೆ.

1968ರಲ್ಲಿ ಅವರು ಪಾಂಡಿಚೇರಿಗೆ ಲೆಫ್ಟಿನೆಂಟ್ ಗವರ್ನರಾಗಿ, 1972ರ ನವೆಂಬರದಲ್ಲಿ ಒಡಿಶಾಕ್ಕೆ ರಾಜ್ಯಪಾಲರಾಗಿ ಹೋದರು. ನಾಲ್ಕು ತಿಂಗಳು ತುಂಬುವ ಮೊದಲೇ ಪರೀಕ್ಷೆ ಎದುರಾಯಿತು. 1973ರ ಮಾರ್ಚಿ 1ರಂದು, ಪಕ್ಷಾಂತರದಿಂದ ಬಲ ಕುಂದಿ, ಮುಖ್ಯಮಂತ್ರಿ ನಂದಿನಿ ಸತ್ಪತಿಯವರು ರಾಜೀನಾಮೆ ಕೊಟ್ಟರು. ಬಹುಮತ ತಮ್ಮ ಕಡೆಗಿದೆಯೆಂದು ಬಿಜು ಪಟ್ನಾಯಕರು ಮುಂದೆ ಬಂದರು. ರಾಜ್ಯಪಾಲರು ಅವರನ್ನು ಕರೆಯಲಿಲ್ಲ. ಮಾರ್ಚಿ 3ರಂದು ರಾಷ್ಟ್ರಪತಿ ಆಳ್ವಿಕೆ ಬಂದಿತು. ಅದು ಒಂದು ವರುಷ ನಡೆಯಿತು. ದಿನಕ್ಕೊಂದು ಪಕ್ಷ ಬದಲಿಸುವವರನ್ನು ನೆಚ್ಚಿ ಸರಕಾರ ಕಟ್ಟುವುದು ಹೇಗೆಂಬ ವಾದವೂ ಇದ್ದೀತು. ಆದರೆ ತಲೆ ಎಣಿಸುವ ಸ್ಥಳ ಸದನವೇ ಹೊರತು ರಾಜಭವನವಲ್ಲ. ನಮಗೆ ಹೊಲ ಸಿಕ್ಕಿತೆಂಬ ಕಾರಣಕ್ಕೆ ಈ ಮಾತನ್ನು ನುಂಗಿಕೊಳ್ಳಲು ನನಗೆ ಮನಸ್ಸಾಗದು.

1974ರ ಆಗಸ್ಟದಲ್ಲಿ ಅವರು ಉಪರಾಷ್ಟ್ರಪತಿಗಳಾದರು. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ ರಾಷ್ಟ್ರಪತಿಯ ಹೊಣೆ ಸಾವಳಗಿಯ ಜತ್ತಿಯವರ ಮೇಲೆ ಬಿದ್ದಿತು. ಮಾರ್ಚಿ 24ರಂದು ಅವರು ಪ್ರಧಾನಮಂತ್ರಿಯ ಪ್ರಮಾಣವಚನ ಬೋಧಿಸಿದ್ದು ಯಾರಿಗೆ? ತಮ್ಮ ಹಳೆಯ ಮೇಲಧಿಕಾರಿ ಮೊರಾರ್ಜಿ ದೇಸಾಯಿಯವರಿಗೆ! ಒಂದು ತಿಂಗಳಾಗುವಷ್ಟರಲ್ಲಿ, ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಾಗದ ಅದೇ ಮೊರಾರ್ಜಿಯವರಿಂದ ಬಂದಿತು. ಸುಪ್ರೀಂ ಕೋರ್ಟು ರಾಜ್ಯಗಳ ಮೊರೆಯನ್ನು ತಳ್ಳಿಹಾಕಿತ್ತು. ಆದರೂ ಜತ್ತಿಯವರು ಕೂಡಲೇ ಸಹಿ ಮಾಡಲಿಲ್ಲ. ದಿಲ್ಲಿ ತಳಮಳಿಸಿತು. ಏಪ್ರಿಲ್ 30ರಂದು ಸಹಿ ಬಿದ್ದಿತು. ಆ ಒಂಬತ್ತರಲ್ಲಿ ಒಡಿಶಾವೂ ಒಂದು. ಅಲ್ಲಿ ಬೇಗನೆ ವರದಿ ಬರೆದ ಕೈ ಇಲ್ಲಿ ತಡೆಯಿತು. ಪಕ್ಷಾಭಿಮಾನದಿಂದ ತಡೆಯಿತೆಂದು ಕೆಲವರು, ಆತ್ಮಸಾಕ್ಷಿಯಿಂದೆಂದು ಕೆಲವರು. ಎರಡೂ ಇದ್ದಿರಬಹುದೆಂದು ನನ್ನ ಊಹೆ.

ಈ ಗೊಂದಲಕ್ಕೆ ಮೇರೆ ಹಾಕಿಸಿದವರೂ ನಮ್ಮ ಉತ್ತರ ಕರ್ನಾಟಕದವರೇ. 1989ರಲ್ಲಿ ರಾಜ್ಯಪಾಲರ ವರದಿಯ ಮೇಲೆ ಎಸ್. ಆರ್. ಬೊಮ್ಮಾಯಿಯವರ ಸರಕಾರ ವಜಾ ಆಯಿತು. ಸದನದಲ್ಲಿ ಬಲ ತೋರಿಸುತ್ತೇನೆಂದರೂ ಅವಕಾಶ ಸಿಗಲಿಲ್ಲ. 1994ರ ಮಾರ್ಚಿ 11ರಂದು ಸುಪ್ರೀಂ ಕೋರ್ಟು, ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗಬೇಕೆಂದು ತೀರ್ಪಿತ್ತಿತು. ಜತ್ತಿಯವರು ಅದನ್ನು ಕಂಡರು. 2002ರ ಜೂನ್ 7ರಂದು ಕಾಲವಾದರು. ಅವರು 1964ರಲ್ಲಿ ಕಟ್ಟಿದ ಬಸವ ಸಮಿತಿ ಬೆಂಗಳೂರಿನಲ್ಲಿ ವಚನಪ್ರಸಾರ ನಡೆಸುತ್ತಿದೆ.

ಇದನ್ನೆಲ್ಲ ದೀಪಾವಳಿ ರಜೆಯಲ್ಲಿ ತಂದೆಯವರಿಗೆ ಓದಿ ಹೇಳಿದೆ. ಹೊಲದ ಮಾತು ಬಂದಾಗ ತಲೆದೂಗಿದರು. ಒಡಿಶಾದ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರೀಬೇಕಿತ್ತು ಅವರನ್ನ. ಕರದು ಎಣಿಸಬೇಕಿತ್ತು," ಎಂದವರೇ ಎತ್ತುಗಳಿಗೆ ಮೇವು ಹಾಕಲು ಎದ್ದರು.